ಸಣ್ಣ ಕ್ಯಾಬಿನ್ ದೋಣಿಯ ಮಾಡಿಗೆ ಕ್ಯಾರಿಯರ್ ಕೂರಿಸುವ ಬಗೆ

ಚಂದ್ರಗಿರಿ ಹೊಳೆಯಲ್ಲಿ ನಾನು ಇಟ್ಟುಕೊಂಡಿರುವುದು 20 ಅಡಿ ಉದ್ದ, ಆರೂವರೆ ಅಡಿ ಅಗಲದ ಒಂದು ಫೈಬರ್ ದೋಣಿ. ಅದರ ಮುಂಭಾಗದಲ್ಲಿ ಇಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ದೊಡ್ಡ ಕ್ಯಾಬಿನ್ ಇದೆ. ಕಾಸರಗೋಡಿನ ಮಳೆಗೂ ಬಿಸಿಲಿಗೂ ಆ ಕ್ಯಾಬಿನ್ ಬೇಕೇ ಬೇಕು. ಆದರೆ ನೀರು ತೆಳ್ಳಗಿರುವ ಕಡೆ ಊರಿ ದೂಡುವ 12 ಅಡಿಯ ಬಿದಿರಿನ ಜಲ್ಲೆ, ಎರಡು ಹುಟ್ಟು, ಟರ್ಪಾಲು, ಗಾಳದ ಕೋಲುಗಳು, ಒದ್ದೆಯಾದ ಹಗ್ಗದ ಸುರುಳಿಗಳು ಇವೆಲ್ಲ ಒಳಗೆ ಸೇರಿದರೆ ಮನುಷ್ಯರಿಗೆ ಕಾಲಿಡಲು ಜಾಗ ಉಳಿಯುವುದಿಲ್ಲ. ಜೀಪಿನ ನೆತ್ತಿಯ ಮೇಲೆ ಇರುವಂಥ ಕ್ಯಾರಿಯರ್ ಒಂದನ್ನು ಕ್ಯಾಬಿನ್ನಿನ ಮಾಡಿನ (ಚಾವಣಿಯ) ಮೇಲೆ ಕೂರಿಸಿಕೊಂಡರೆ ಈ ತೊಂದರೆ ಬಹುಪಾಲು ತೀರುತ್ತದೆ. ನಾನು ಅದನ್ನು ಎರಡು ಬಾರಿ ಮಾಡಿದ್ದೇನೆ. ಮೊದಲನೆಯದು ಎರಡನೇ ಮಳೆಗಾಲವನ್ನು ದಾಟಲಿಲ್ಲ. ಎರಡನೆಯದು ಇಂದಿಗೂ ಗಟ್ಟಿಯಾಗಿ ನಿಂತಿದೆ. ಎರಡರ ನಡುವೆ ಕಲಿತದ್ದನ್ನು, ಇದೇ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ವಿವರಗಳೆಲ್ಲ 16ರಿಂದ 22 ಅಡಿಯೊಳಗಿನ, ಹೊಳೆ ಮತ್ತು ಹಿನ್ನೀರಿನಲ್ಲಿ ನಿಧಾನವಾಗಿ ಸಾಗುವ ಫೈಬರ್ ದೋಣಿಗಳಿಗೆ ಸಂಬಂಧಿಸಿದವು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳಿಗೂ ನೀಲೇಶ್ವರದಿಂದ ತೆಂಕಕ್ಕೆ ಹಬ್ಬಿರುವ ವಲಿಯಪರಂಬ, ಕವ್ವಾಯಿ ಹಿನ್ನೀರಿಗೂ ಇದು ಹೊಂದುತ್ತದೆ. ಅಳಿವೆ ದಾಟಿ ಕಡಲಿಗೆ ಇಳಿಯುವವರು ಇಲ್ಲಿ ಹೇಳಿದ ತೂಕದ ಅರ್ಧಕ್ಕಿಂತ ಹೆಚ್ಚನ್ನು ಮೇಲೇರಿಸಬಾರದೆಂಬುದು ನನ್ನ ಅಭಿಪ್ರಾಯ. ಕ್ಯಾರಿಯರಿನ ಮೇಲೆ ಮನುಷ್ಯರು ಹತ್ತಿ ಕೂರುವುದಂತೂ ಎಲ್ಲಿಯೂ ಸಲ್ಲದು. ಪೈಪು ಕತ್ತರಿಸಿ ಬೆಸೆಯುವುದು ಒಂದು ದಿನದ ಕೆಲಸ. ಅದಕ್ಕೂ ಮೊದಲು ಮೇಲೆ ಬರುವ ತೂಕವನ್ನು ದೋಣಿ ತಾಳುತ್ತದೆಯೇ, ಕೊರೆಯುವ ತೂತುಗಳನ್ನು ಮಾಡು ತಾಳುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಈ ಎರಡು ಪ್ರಶ್ನೆಗಳನ್ನು ಕೇಳದೆ ನೇರವಾಗಿ ವೆಲ್ಡಿಂಗ್ ಅಂಗಡಿಗೆ ಹೋದದ್ದರಿಂದ.

ಮೊದಲು ತೂಕದ ಲೆಕ್ಕ

ದೋಣಿಯ ತಳದಲ್ಲಿಟ್ಟ ಒಂದು ಕಿಲೋಗೂ ಮಾಡಿನ ಮೇಲಿಟ್ಟ ಒಂದು ಕಿಲೋಗೂ ಬಹಳ ವ್ಯತ್ಯಾಸವಿದೆ. ಮೇಲಿಟ್ಟ ತೂಕ ಇಡೀ ದೋಣಿಯ ಗುರುತ್ವ ಕೇಂದ್ರವನ್ನು ಮೇಲಕ್ಕೆ ಎತ್ತುತ್ತದೆ. ಕೇಂದ್ರ ಮೇಲೇರಿದಷ್ಟೂ ವಾಲಿದ ದೋಣಿ ಮರಳಿ ನೆಟ್ಟಗಾಗುವ ಶಕ್ತಿ ಕಡಿಮೆಯಾಗುತ್ತದೆ. ಎಷ್ಟು ಏರುತ್ತದೆಂಬ ಲೆಕ್ಕ ಸುಲಭ: ಮೇಲಿಡುವ ತೂಕವನ್ನು, ಅದು ದೋಣಿಯ ಗುರುತ್ವ ಕೇಂದ್ರದಿಂದ ಎಷ್ಟು ಎತ್ತರದಲ್ಲಿದೆಯೋ ಆ ಎತ್ತರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಎಂಜಿನ್ ಸೇರಿ ದೋಣಿ 600 ಕಿಲೋ, ಇಬ್ಬರು ಮನುಷ್ಯರು 150 ಕಿಲೋ ಎಂದುಕೊಳ್ಳೋಣ. ಒಂದೂವರೆ ಮೀಟರ್ ಮೇಲೆ 30 ಕಿಲೋ ಇಟ್ಟರೆ, 30ನ್ನು 1.5ರಿಂದ ಗುಣಿಸಿ 780ರಿಂದ ಭಾಗಿಸಿದಾಗ ಸುಮಾರು 0.058 ಬರುತ್ತದೆ, ಅಂದರೆ ಕೇಂದ್ರ ಹೆಚ್ಚುಕಡಿಮೆ 6 ಸೆಂಟಿಮೀಟರ್ ಮೇಲೇರಿತು. ಕೇಳಲು ಇದು ಚಿಕ್ಕ ಅಂಕಿ. ಆದರೆ ಎರಡು ಮೀಟರ್ ಅಗಲದ ದೋಣಿಯಲ್ಲಿ, ಇಬ್ಬರೂ ಒಂದೇ ಮಗ್ಗುಲಿಗೆ ಬಂದು ಮೀನು ಎಳೆಯುವ ಹೊತ್ತಿನಲ್ಲಿ, ಈ 6 ಸೆಂಟಿಮೀಟರ್ ಕಾಲಡಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಕೇರಳದಲ್ಲಿ ವಾಸಿಸುವ ನಮಗೆ ಈ ಮಾತಿನ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಜನ, ಅವರಲ್ಲಿ ಅನೇಕರು ಮಕ್ಕಳು, ಜೀವ ಕಳೆದುಕೊಂಡರು. ಜನ ತುಂಬಿದ ಆ ದೋಣಿಗಳಿಗೂ ನಮ್ಮ ಪುಟ್ಟ ಕ್ಯಾರಿಯರಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ, ನಿಜ. ಆದರೂ ಮೇಲೇರಿದ ತೂಕ ದೋಣಿಯನ್ನು ಮಗುಚುವ ನಿಯಮ ದೊಡ್ಡ ದೋಣಿಗೂ ಸಣ್ಣದಕ್ಕೂ ಒಂದೇ.

ಆದ್ದರಿಂದ ಪೈಪು ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿ. ನೀರು ಕದಲದ ಹೊತ್ತಿನಲ್ಲಿ, ಅಂದರೆ ಭರತ ತುಂಬಿ ಇಳಿತ ಶುರುವಾಗುವ ಮೊದಲಿನ ಬಿಡುವಿನಲ್ಲಿ, ದೋಣಿಯನ್ನು ಕಡವಿನ ಬಳಿ ಸಡಿಲ ಹಗ್ಗಗಳಲ್ಲಿ ಕಟ್ಟಿ. ಒಬ್ಬರು ದೋಣಿಯ ಅಂಚನ್ನು ಲಯವಾಗಿ ಒತ್ತಿ ತೂಗಾಡಿಸಿ ಕೈಬಿಡಬೇಕು. ಇನ್ನೊಬ್ಬರು ಗಡಿಯಾರ ಹಿಡಿದು ಹತ್ತು ಪೂರ್ತಿ ತೂಗಾಟಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಬೇಕು. ಬೇಗ ಬೇಗ ತೂಗುವ ದೋಣಿ ಹೆಚ್ಚು ಸ್ಥಿರ. ಸೋಮಾರಿಯಂತೆ ತೂಗುವುದು ಕಡಿಮೆ ಸ್ಥಿರ. ಬಳಿಕ ಮೇಲಿಡಲು ಯೋಚಿಸಿರುವಷ್ಟೇ ತೂಕದ ನೀರಿನ ಕ್ಯಾನುಗಳನ್ನು ಮಾಡಿನ ಮೇಲೆ ಬಿಗಿಯಾಗಿ ಕಟ್ಟಿ ಮತ್ತೆ ಅಳೆಯಿರಿ. ಒಂದು ಲೀಟರ್ ನೀರು ಒಂದು ಕಿಲೋ ಆದ್ದರಿಂದ ತಕ್ಕಡಿ ಬೇಕಾಗಿಲ್ಲ. ತೂಗಾಟದ ಕಾಲ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ದೋಣಿಯ ಸ್ಥಿರತೆ ಸುಮಾರು ಆರರಲ್ಲಿ ಒಂದು ಪಾಲು ಕುಸಿದಿದೆಯೆಂದು ತಿಳಿಯಬೇಕು. ನಾನು ಅಲ್ಲಿಗೇ ಗೆರೆ ಎಳೆದುಕೊಂಡಿದ್ದೇನೆ. ಪರೀಕ್ಷೆಯ ಹೊತ್ತಿನಲ್ಲಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಲಿ.

ನನ್ನ ದೋಣಿಗೆ ಹೀಗೆ ದೊರೆತ ಮಿತಿ 30 ಕಿಲೋ. ಅದರಲ್ಲಿ ಕ್ಯಾರಿಯರಿನ ಸ್ವಂತ ತೂಕ 11 ಕಿಲೋ ಕಳೆದರೆ ಸಾಮಾನಿಗೆ ಉಳಿಯುವುದು 19 ಕಿಲೋ. ಜಲ್ಲೆ, ಹುಟ್ಟು, ಗಾಳದ ಕೋಲು, ಟರ್ಪಾಲಿನಂಥ ಉದ್ದವಾದ, ಹಗುರವಾದ, ಒದ್ದೆಯಾದರೂ ಕೆಡದ ವಸ್ತುಗಳು ಮೇಲೆ ಹೋಗಬೇಕು. ಲಂಗರು, ಬ್ಯಾಟರಿ, ಕುಡಿಯುವ ನೀರು, ಪೆಟ್ರೋಲಿನ ಕ್ಯಾನು ಇವು ಎಂದಿಗೂ ಮೇಲೇರಬಾರದು. ಪೆಟ್ರೋಲಿಗೆ ತೂಕದ ಜೊತೆ ಬಿಸಿಲಿನ ಅಪಾಯವೂ ಸೇರಿಕೊಳ್ಳುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಹಿನ್ನೀರಿನ ಕಾಲುಸೇತುವೆಗಳ ಕೆಳಗೆ ಹಾಯುವವರು ನೀರಿನ ಮಟ್ಟದಿಂದ ಕ್ಯಾರಿಯರಿನ ಮೇಲಿನ ಸಾಮಾನಿನ ತುದಿಯವರೆಗಿನ ಎತ್ತರವನ್ನು ದೋಣಿ ಖಾಲಿಯಿರುವಾಗ ಅಳೆದು ಚಾಲಕನ ಕಣ್ಣಿಗೆ ಬೀಳುವಲ್ಲಿ ಬರೆದಿಡಬೇಕು, ಏಕೆಂದರೆ ಖಾಲಿ ದೋಣಿ ನೀರಿನ ಮೇಲೆ ಹೆಚ್ಚು ಎದ್ದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಭರತದಲ್ಲಿ ಸೇತುವೆಯಡಿಯ ಜಾಗ ಉಳಿದ ದಿನಗಳಿಗಿಂತ ಕಡಿಮೆಯಿರುವುದನ್ನೂ ಮರೆಯಬಾರದು.

ಮಾಡನ್ನು ತಟ್ಟಿ ನೋಡುವುದು

ಫೈಬರ್ ಕ್ಯಾಬಿನ್ನಿನ ಮಾಡು ಹೊರನೋಟಕ್ಕೆ ಒಂದೇ ಹಲಗೆಯಂತೆ ಕಂಡರೂ, ಹೆಚ್ಚಿನ ದೋಣಿಗಳಲ್ಲಿ ಅದು ಮೂರು ಪದರ: ಮೇಲೊಂದು ತೆಳು ಫೈಬರ್, ಕೆಳಗೊಂದು ತೆಳು ಫೈಬರ್, ನಡುವೆ ಪ್ಲೈವುಡ್ ಅಥವಾ ಫೋಮಿನ ತಿರುಳು. ನಡುವಿನ ಪ್ಲೈವುಡ್ಡಿಗೆ ನೀರು ತಗುಲಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನನ್ನ ಮೊದಲ ಕ್ಯಾರಿಯರನ್ನು ಮೇಲಿನಿಂದ ಬರಿಯ ಸ್ಕ್ರೂಗಳಲ್ಲಿ ಬಿಗಿದಿದ್ದೆವು. ಎರಡನೇ ಮಳೆಗಾಲದ ನಡುವೆ ಒಂದು ಕಾಲು ಕೈಯಲ್ಲೇ ಕಿತ್ತು ಬಂದಾಗ, ಸ್ಕ್ರೂವಿನ ಸುತ್ತಲಿನ ಮರ ನೆನೆದ ರಟ್ಟಿನಂತೆ ಬೆರಳಿಗೆ ಹಿಸುಕಿಹೋಯಿತು.

ಸ್ಕ್ರೂ ಡ್ರೈವರಿನ ಹಿಡಿಯಿಂದ ಮಾಡಿನ ಪ್ರತಿ ಗೇಣು ಜಾಗವನ್ನೂ ತಟ್ಟುತ್ತ ಹೋಗಿ. ಗಟ್ಟಿಯಾದ ಕಡೆ ಟಣ್ ಎಂಬ ಸ್ಪಷ್ಟ ಸದ್ದು ಬರುತ್ತದೆ. ತಿರುಳು ನೆನೆದಿರುವ ಅಥವಾ ಪದರ ಬಿಟ್ಟಿರುವ ಕಡೆ ಸದ್ದು ಮಂಕಾಗುತ್ತದೆ. ಹಲಸಿನ ಹಣ್ಣು ತಟ್ಟಿ ಪಕ್ವ ನೋಡುವವರಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟವಾಗದು. ಮಂಕು ಸದ್ದಿನ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಅಂಥ ಜಾಗಗಳು ಹೆಚ್ಚಿದ್ದರೆ ಕ್ಯಾರಿಯರಿನ ಮಾತನ್ನು ಬದಿಗಿಟ್ಟು ಮೊದಲು ಮಾಡನ್ನೇ ದುರಸ್ತಿ ಮಾಡಬೇಕು.

ಕಾಲುಗಳು ಬರಬೇಕಾದ ಜಾಗ ಮಾಡಿನ ಅಂಚು. ಅಲ್ಲಿ ಕೆಳಗಿನಿಂದ ಕ್ಯಾಬಿನ್ನಿನ ಪಕ್ಕದ ಗೋಡೆ ಏರಿ ಬಂದಿರುವುದರಿಂದ ಮಾಡು ಬಾಗುವುದಿಲ್ಲ. ಅಡ್ಡಗೋಡೆಯ ನೇರಕ್ಕೆ ಒಂದು ಜೋಡಿ ಕಾಲು ಬರುವಂತಾದರೆ ಇನ್ನೂ ಒಳ್ಳೆಯದು. ಮಾಡಿನ ನಡುವೆ ಕಾಲು ಊರಿದರೆ ಅಲೆಯ ಹೊಡೆತಕ್ಕೆ ಅದು ತಗಡಿನಂತೆ ಒಳಹೊರಗೆ ಆಡಿ ಬಿರುಕು ಬಿಡುತ್ತದೆ. ಗುರುತು ಹಾಕಿದ ಮೇಲೆ ಕ್ಯಾಬಿನ್ನಿನ ಒಳಗೆ ಹೋಗಿ, ಅದೇ ಜಾಗದ ಕೆಳಗೆ ವಯರು, ದೀಪ, ಕಿಟಕಿಯ ಚೌಕಟ್ಟು ಇಲ್ಲವೆಂದೂ ನಟ್ಟು ತಿರುಗಿಸಲು ಕೈ ಹೋಗುತ್ತದೆಂದೂ ಖಚಿತ ಮಾಡಿಕೊಳ್ಳಿ.

ಯಾವ ಪೈಪು, ಎಷ್ಟು ಪೈಪು

ನಮ್ಮ ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಗೇಟು, ರೇಲಿಂಗ್ ಕೆಲಸಕ್ಕೆ ಸಿಗುವ ಸ್ಟೀಲ್ ಪೈಪು ಸಾಮಾನ್ಯವಾಗಿ 202 ಅಥವಾ 304 ದರ್ಜೆಯದು. ಹೊಸತಿರುವಾಗ ಎರಡೂ ಒಂದೇ ರೀತಿ ಹೊಳೆಯುತ್ತವೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಉಪ್ಪುಗಾಳಿ ತಾಗಿದರೆ ಅದರ ಮೈತುಂಬ ಕಂದು ಚುಕ್ಕೆ ಏಳುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಸಾಕೆಂದು ಹಲವರು ಹೇಳುವುದುಂಟು, ಆದರೆ 202, 304 ಮತ್ತು 316 ಮೂರೂ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದೇ ಇಲ್ಲವಾದ್ದರಿಂದ ಈ ಪರೀಕ್ಷೆಯಿಂದ ಇಲ್ಲಿ ಪ್ರಯೋಜನವಿಲ್ಲ. 304 ಎಂದು ನಂಬಿ ನಾನು ಮೊದಲ ಬಾರಿ ಕೊಂಡ ಪೈಪು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು. ಪೈಪಿನ ಮೈಮೇಲೆ ಅಚ್ಚಾದ ದರ್ಜೆಯನ್ನು ಓದಿ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಂಡು, ಸಾಧ್ಯವಿದ್ದರೆ ತಯಾರಕರ ಪ್ರಮಾಣಪತ್ರದ ಪ್ರತಿ ಕೇಳಿ ಕೊಳ್ಳುವುದು ಒಂದು ದಾರಿ. ದರ್ಜೆ ತಿಳಿಸುವ ಪರೀಕ್ಷಾ ದ್ರಾವಣದ ಒಂದು ಹನಿ ಹಾಕಿ ನೋಡುವುದು ಇನ್ನೊಂದು. ಕಡಲಿನ ಹತ್ತಿರ ಸಲ್ಲುವುದು ಮಾಲಿಬ್ಡಿನಮ್ ಸೇರಿದ 316. ಹೊಳೆಯ ಮೇಲ್ಭಾಗದಲ್ಲೇ ಓಡಾಡುವ ದೋಣಿಗೆ 304 ಸಾಕಾದೀತು.

ಅಲ್ಯುಮಿನಿಯಂ ಇನ್ನೂ ಹಗುರ, ಬೆಲೆಯೂ ಕಡಿಮೆ. ಆದರೆ ಅದನ್ನು ಚೆನ್ನಾಗಿ ಬೆಸೆಯುವವರು ಕಡಿಮೆ, ಮತ್ತು ಸ್ಟೀಲ್ ಬೋಲ್ಟು ತಾಗುವಲ್ಲೆಲ್ಲ ಉಪ್ಪುನೀರಿನ ನೆರವಿನಿಂದ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಅದನ್ನೇ ಬಳಸುವುದಾದರೆ ಪ್ರತಿ ಬೋಲ್ಟಿಗೂ ನೈಲಾನ್ ವಾಷರ್ ಮತ್ತು ನೈಲಾನ್ ಕೊಳವೆ ಹಾಕಿ ಎರಡು ಲೋಹಗಳನ್ನು ಬೇರ್ಪಡಿಸಬೇಕು. ಪಿವಿಸಿ ಪೈಪು ಬಿಸಿಲಿಗೆ ಜೋಲುತ್ತದೆ, ಬೇಡ. ಮರದ ಕೆಲಸ ಬಲ್ಲವರಿಗೆ ಹೆಬ್ಬಲಸು ಉತ್ತಮ ಆಯ್ಕೆ. ನಮ್ಮ ಕರಾವಳಿಯ ದೋಣಿಗಳನ್ನು ಹಿಂದಿನಿಂದಲೂ ಹೆಚ್ಚಾಗಿ ಕಟ್ಟಿದ್ದು ಆ ಮರದಿಂದ. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರೆ ಅದು ನೀರಿಗೂ ಹುಳಕ್ಕೂ ಬಹುಕಾಲ ಬಗ್ಗುವುದಿಲ್ಲ. ಆ ಎಣ್ಣೆ ಚರ್ಮಕ್ಕೆ ತಗುಲಿದರೆ ಸುಡುತ್ತದಾದ್ದರಿಂದ ಕೈಗವಸು ಬೇಕು. ನಾನು ಚೌಕಟ್ಟನ್ನು ಸ್ಟೀಲಿನಲ್ಲಿ ಮಾಡಿ, ಸಾಮಾನು ಕೂರುವ ಮೂರು ಉದ್ದ ಪಟ್ಟಿಗಳನ್ನು ಮಾತ್ರ ತೆಳುವಾದ ಹೆಬ್ಬಲಸಿನಲ್ಲಿ ಮಾಡಿಸಿಕೊಂಡೆ. ಅದರಿಂದ ಜಲ್ಲೆ ಜಾರುವುದಿಲ್ಲ, ಅಲೆಗೆ ಕಟಕಟ ಸದ್ದೂ ಬರುವುದಿಲ್ಲ.

ನನ್ನ ಕ್ಯಾರಿಯರಿನ ಅಳತೆ 1.8 ಮೀಟರ್ ಉದ್ದ, 1.2 ಮೀಟರ್ ಅಗಲ. ಸುತ್ತಲಿನ ಚೌಕಟ್ಟಿಗೆ 6 ಮೀಟರ್, ಒಳಗಿನ ಮೂರು ಅಡ್ಡಪೈಪುಗಳಿಗೆ 3.6 ಮೀಟರ್, 12 ಸೆಂಟಿಮೀಟರ್ ಎತ್ತರದ ಆರು ಕಾಲುಗಳಿಗೆ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಕಡಿಮೆ, ಒಟ್ಟು ಸುಮಾರು 10.3 ಮೀಟರ್. ಪೈಪು 6 ಮೀಟರಿನ ಉದ್ದದಲ್ಲಿ ಮಾರಾಟಕ್ಕಿರುವುದರಿಂದ ಎರಡು ಪೈಪು ಕೊಂಡರೆ ಸಾಕು. ತೂಕ ತಿಳಿಯಲು ವೆಲ್ಡರುಗಳು ಬಳಸುವ ಸೂತ್ರ ಹೀಗಿದೆ: ಪೈಪಿನ ಹೊರವ್ಯಾಸದಿಂದ ದಪ್ಪವನ್ನು ಕಳೆದು, ಬಂದದ್ದನ್ನು ದಪ್ಪದಿಂದ ಗುಣಿಸಿ, 0.0248ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 25 ಮಿಲಿಮೀಟರ್ ವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ಪೈಪಿಗೆ ಅದು ಮೀಟರಿಗೆ 0.87 ಕಿಲೋ, ಹತ್ತು ಮೀಟರ್ ಚಿಲ್ಲರೆಗೆ 9 ಕಿಲೋ. ಕಾಲುಗಳ ಅಡಿಗೆ ಬೆಸೆಯುವ 80 ಮಿಲಿಮೀಟರ್ ಚೌಕದ, 5 ಮಿಲಿಮೀಟರ್ ದಪ್ಪದ ಆರು ಪ್ಲೇಟುಗಳು ಸೇರಿಸುವುದು ಒಂದೂವರೆ ಕಿಲೋ. ಬೋಲ್ಟುಗಳನ್ನೂ ಸೇರಿಸಿ ಹಿಂದೆ ಹೇಳಿದ 11 ಕಿಲೋ ಬಂದದ್ದು ಹೀಗೆ. ತೆಳು ಪಟ್ಟಿಗಳ ತೂಕವನ್ನು ಸಾಮಾನಿನ 19 ಕಿಲೋದಲ್ಲಿ ಲೆಕ್ಕ ಹಾಕಿದ್ದೇನೆ. ಇದಕ್ಕಿಂತ ದಪ್ಪ ಪೈಪು ಹಾಕಿದರೆ ಗಟ್ಟಿತನಕ್ಕಿಂತ ಹೆಚ್ಚಾಗಿ ತೂಕವೇ ಬೆಳೆಯುತ್ತದೆ.

ಅಳತೆ ಮತ್ತು ಬೆಸುಗೆ

ನೀರಿನ ಮೇಲಿರುವ ದೋಣಿಯಲ್ಲಿ ರಸಮಟ್ಟ ಕೆಲಸಕ್ಕೆ ಬಾರದು. ಆದ್ದರಿಂದ ಎಲ್ಲವನ್ನೂ ದಾರದಿಂದ ಅಳೆಯಬೇಕು. ಮಾಡಿನ ನಡುಗೆರೆಯನ್ನು ದಾರ ಎಳೆದು ಗುರುತಿಸಿ, ಅದರಿಂದ ಎರಡೂ ಮಗ್ಗುಲಿಗೆ ಸಮದೂರದಲ್ಲಿ ಆರು ಕಾಲುಗಳ ಜಾಗ ಹಾಕಿ, ಎದುರುಬದುರು ಮೂಲೆಗಳ ನಡುವಿನ ಎರಡು ಕರ್ಣಗಳೂ ಒಂದೇ ಅಳತೆ ಬರುವವರೆಗೆ ಸರಿಪಡಿಸಿ. ಮಾಡು ನಡುವೆ ಉಬ್ಬಿರುತ್ತದೆ, ಮುಂದಕ್ಕೆ ಇಳಿಜಾರಾಗಿರುತ್ತದೆ. ಒಂದು ನೇರ ರೀಪನ್ನು ಅಡ್ಡಲಾಗಿ ಇಟ್ಟು ಅದರ ಕೆಳಗಿನ ಸಂದುಗಳನ್ನು ಅಳೆದರೆ ಈ ಉಬ್ಬು ಎಷ್ಟೆಂದು ತಿಳಿಯುತ್ತದೆ. ನನ್ನ ದೋಣಿಯಲ್ಲಿ ಅದು 4 ಸೆಂಟಿಮೀಟರ್. 12 ಸೆಂಟಿಮೀಟರಿನ ಕಾಲು ಕೊಟ್ಟದ್ದರಿಂದ ನಡುವೆ 8 ಸೆಂಟಿಮೀಟರ್ ಜಾಗ ಉಳಿದು, ಕೈ ತೂರಿಸಿ ಮಾಡನ್ನು ಒರೆಸಲು ಸಾಧ್ಯವಾಗಿದೆ. ಆರೂ ಕಾಲುಗಳ ಜಾಗವನ್ನು ಹಳೆಯ ಪ್ಲೈವುಡ್ ಹಲಗೆಯೊಂದಕ್ಕೆ ಇಳಿಸಿ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಬಾಯಿಮಾತಿನ ಅಳತೆಯಿಂದ ಮಾಡಿಸಿದ ಚೌಕಟ್ಟು ದೋಣಿಗೆ ತಂದಾಗ ಕೂರುವುದಿಲ್ಲ.

ಬೆಸುಗೆಗೆ ಆರ್ಗನ್ ವೆಲ್ಡಿಂಗ್ ಆಗಬೇಕು, ಮತ್ತು 316ರ ಪೈಪಿಗೆ 316ಎಲ್ ತಂತಿಯನ್ನೇ ಬಳಸಬೇಕು. ಮೊದಲು ಎಲ್ಲ ಕೂಡುಗಳಿಗೂ ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ ಚೌಕಟ್ಟನ್ನು ದೋಣಿಗೆ ತಂದು ಕೂರಿಸಿ ನೋಡಿ. ಆರು ಕಾಲೂ ಒಟ್ಟಿಗೆ ಮಾಡನ್ನು ಮುಟ್ಟಿದ ಮೇಲೆಯೇ ಪೂರ್ತಿ ಬೆಸೆಯಲಿ. ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರವನ್ನು ಸ್ಟೀಲಿಗೆ ಬಳಸಿದರೆ ಕಬ್ಬಿಣದ ಕಣಗಳು ಮೈಗೆ ಅಂಟಿ ಅಲ್ಲಿಂದಲೇ ತುಕ್ಕು ಶುರುವಾಗುವುದರಿಂದ, ಹೊಸ ಚಕ್ರವನ್ನು ನೀವೇ ಕೊಂಡೊಯ್ಯುವುದು ಕ್ಷೇಮ. ಬೆಸುಗೆಯ ಪಕ್ಕದಲ್ಲಿ ನೀಲಿ, ಕಂದು ಬಣ್ಣದ ಸುಟ್ಟ ಗೆರೆ ಉಳಿದಿದ್ದರೆ ಅದನ್ನು ಪಿಕ್ಲಿಂಗ್ ಪೇಸ್ಟಿನಿಂದ ತೆಗೆಸಬೇಕು. ಹಾಗೆ ಬಿಟ್ಟ ಗೆರೆಯೇ ಮೊದಲು ತುಕ್ಕು ಹಿಡಿಯುವ ಜಾಗ. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಬರಿಗೈಯಲ್ಲಿ ಮುಟ್ಟಲೇಬಾರದು. ಪ್ರತಿ ಕಾಲಿನ ಬುಡದಲ್ಲಿ 4 ಮಿಲಿಮೀಟರಿನ ಒಂದು ತೂತು ಇರಲಿ. ಪೈಪಿನೊಳಗೆ ಹೇಗೋ ಸೇರಿದ ನೀರು ಅಲ್ಲಿಂದ ಹೊರಹೋಗುತ್ತದೆ.

ಮಾಡಿಗೆ ತೂತು ಕೊರೆಯುವುದು

ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ದಿನಗಳನ್ನೇ ಆರಿಸಿಕೊಳ್ಳಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಗಾಳಿಯೇ ನೀರಾಗಿರುತ್ತದೆ, ತೂತು ತುಂಬಲು ಬಳಸುವ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಆಗ ಜಿಗುಟು ಜಿಗುಟಾಗಿ ಉಳಿಯುತ್ತದೆ.

ಪ್ರತಿ ಕಾಲಿಗೆ ನಾಲ್ಕು ಬೋಲ್ಟು ಹಾಕಬೇಕೆಂದು ವೆಲ್ಡರ್ ಹೇಳಬಹುದು. ನಾನು ಎದುರುಬದುರು ಮೂಲೆಗಳಲ್ಲಿ ಎರಡನ್ನೇ ಹಾಕಿದ್ದೇನೆ. ಲೆಕ್ಕ ಹೀಗಿದೆ: 30 ಕಿಲೋ ತೂಕ ಅಲೆಯ ಮೇಲೆ ಕುಪ್ಪಳಿಸುವಾಗ ಮೂರು ಪಟ್ಟಾಗಿ, ಅಂದರೆ 90 ಕಿಲೋ ಆಗಿ ಎಳೆಯಿತೆಂದುಕೊಂಡರೂ, ಅದೆಲ್ಲವೂ ಎರಡೇ ಕಾಲುಗಳ ಮೇಲೆ ಬಿದ್ದರೂ, ಕಾಲಿಗೆ 45 ಕಿಲೋ. 8 ಮಿಲಿಮೀಟರಿನ ಒಂದೇ ಸ್ಟೀಲ್ ಬೋಲ್ಟು ಇದರ ಎಷ್ಟೋ ಪಟ್ಟು ತಾಳುತ್ತದೆ. ಸೋಲುವುದು ಬೋಲ್ಟಿನ ಸುತ್ತಲಿನ ಮಾಡು. ಇಪ್ಪತ್ನಾಲ್ಕು ತೂತುಗಳ ಬದಲು ಹನ್ನೆರಡು ತೂತು ಕೊರೆದು, ಒಂದೊಂದನ್ನೂ ಸರಿಯಾಗಿ ಮುಚ್ಚುವುದರಲ್ಲಿ ಹೆಚ್ಚು ಲಾಭವಿದೆ.

ತೂತನ್ನು ಒಮ್ಮೆಗೇ ಬೋಲ್ಟಿನ ಅಳತೆಗೆ ಕೊರೆಯಬಾರದು. ಮೊದಲು ಮೇಲಿನ ಫೈಬರನ್ನೂ ನಡುವಿನ ತಿರುಳನ್ನೂ 20 ಮಿಲಿಮೀಟರ್ ಅಗಲಕ್ಕೆ ಕೊರೆದು ತೆಗೆಯಿರಿ. ಕೆಳಗಿನ ಫೈಬರ್ ಪದರ ಹಾಗೇ ಉಳಿಯಲಿ. ಬಾಗಿಸಿದ ಮೊಳೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದರೆ ಎರಡು ಪದರಗಳ ನಡುವಿನ ತಿರುಳು ಸುತ್ತಲೂ ಇನ್ನೊಂದು ಅರ್ಧ ಸೆಂಟಿಮೀಟರ್ ಕೆರೆದು ಬರುತ್ತದೆ. ಬರುವ ಪುಡಿ ಒದ್ದೆಯಾಗಿ, ಕಪ್ಪಾಗಿ, ಹುಳಿ ವಾಸನೆಯದಾಗಿದ್ದರೆ ಕೆಲಸ ನಿಲ್ಲಿಸಿ. ಆ ಜಾಗ ಹಲವು ದಿನ ಒಣಗಬೇಕು, ಅಥವಾ ಕಾಲನ್ನು ಬೇರೆ ಕಡೆಗೆ ಸರಿಸಬೇಕು. ಒಣಗಿದೆಯೆಂದು ಖಚಿತವಾದ ಮೇಲೆ ಕುಳಿಯ ಒಳಮೈಗೆಲ್ಲ ತೆಳು ಎಪಾಕ್ಸಿಯನ್ನು ಸಣ್ಣ ಬ್ರಷ್ಷಿನಿಂದ ಬಳಿಯಿರಿ, ಮರ ಅದನ್ನು ಕುಡಿಯುತ್ತದೆ. ಬಳಿಕ ಅದೇ ಎಪಾಕ್ಸಿಗೆ ಸಿಲಿಕಾ ಪುಡಿ ಸೇರಿಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಕಡ್ಡಿಯಿಂದ ಎತ್ತಿದರೆ ಕೆಳಗೆ ಬೀಳದ ಹದಕ್ಕೆ ಕಲಸಿ ಕುಳಿಗೆ ತುಂಬಬೇಕು. ಒಮ್ಮೆಗೆ ಹೆಚ್ಚು ಕಲಸಿದರೆ ಅದು ತನ್ನಷ್ಟಕ್ಕೇ ಬಿಸಿಯೇರಿ ಹೊಗೆಯಾಡುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಇದು ಇನ್ನೂ ಬೇಗ ಆಗುವುದರಿಂದ ಮೂರು ನಾಲ್ಕು ಕುಳಿಗಳಿಗೆ ಆಗುವಷ್ಟನ್ನೇ ಕಲಸಿಕೊಳ್ಳಿ. ಒಂದು ಹಗಲು ಒಂದು ಇರುಳು ಪೂರ್ತಿ ಬಿಟ್ಟು, ಗಟ್ಟಿಯಾದ ಎಪಾಕ್ಸಿಯ ನಡುಮಧ್ಯದಲ್ಲಿ ಎಂಟೂವರೆ ಮಿಲಿಮೀಟರಿನ ತೂತನ್ನು ಕೆಳಗಿನ ಪದರದ ಆಚೆಗೆ ಕೊರೆಯಿರಿ. ಈಗ ಬೋಲ್ಟಿನ ಸುತ್ತ ಇರುವುದು ಕಲ್ಲಿನಂಥ ಎಪಾಕ್ಸಿಯ ಉಂಗುರ. ಮುಂದೆಂದಾದರೂ ಸೀಲ್ ಬಿಟ್ಟು ನೀರು ಇಳಿದರೂ ಅದು ತಿರುಳಿಗೆ ತಗುಲುವುದಿಲ್ಲ. ಇಡೀ ಕೆಲಸದಲ್ಲಿ ಬೇಸರ ಹುಟ್ಟಿಸುವ ಹಂತ ಇದೇ, ಮತ್ತು ಕ್ಯಾರಿಯರ್ ಎಷ್ಟು ವರ್ಷ ಬಾಳುತ್ತದೆಂದು ತೀರ್ಮಾನವಾಗುವುದೂ ಇಲ್ಲಿಯೇ.

ಚಪ್ಪಟೆ ಪ್ಲೇಟು ಉಬ್ಬಿದ ಮಾಡಿನ ಮೇಲೆ ಪೂರ್ತಿ ಕೂರುವುದಿಲ್ಲ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಪ್ಲೇಟಿನ ಅಡಿಗೂ ಬೋಲ್ಟುಗಳಿಗೂ ಪ್ಯಾಕಿಂಗ್ ಟೇಪು ಸುತ್ತಿ, ಮಾಡಿನ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ನಡುವೆ ಗಟ್ಟಿ ಎಪಾಕ್ಸಿಯ ಮುದ್ದೆ ಇಟ್ಟು ಚೌಕಟ್ಟನ್ನು ಮೆಲ್ಲನೆ ಕೂರಿಸಿದರೆ, ಮುದ್ದೆ ಮಾಡಿನ ಆಕಾರಕ್ಕೂ ಪ್ಲೇಟಿನ ಆಕಾರಕ್ಕೂ ಸರಿಯಾಗಿ ಅಚ್ಚಾಗುತ್ತದೆ. ಅದು ಗಟ್ಟಿಯಾದ ಮೇಲೆ ಚೌಕಟ್ಟನ್ನು ಎತ್ತಿ ಟೇಪು ಕಿತ್ತು, ಅಂಚುಗಳನ್ನು ನಯ ಮಾಡಿ, ಬಿಸಿಲಿನಿಂದ ಕಾಪಾಡಲು ಬಣ್ಣ ಬಳಿಯಿರಿ. ಬಣ್ಣವಿಲ್ಲದ ಎಪಾಕ್ಸಿಯನ್ನು ಬಿಸಿಲು ಹಾಳುಮಾಡುತ್ತದೆ.

ಕ್ಯಾಬಿನ್ನಿನ ಒಳಗೆ, ನಟ್ಟು ಕೂರುವ ಕಡೆ, ಮಾಡಿಗೆ ಕೆಳಗಿನಿಂದ ಕೊಡುವ ಆಸರೆಯ ಹಲಗೆ 10 ಸೆಂಟಿಮೀಟರ್ ಚೌಕದ, 12 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ಡಿನದಾಗಿರಲಿ. ಕೊಳ್ಳುವಾಗ ಐಎಸ್ 710 ಎಂಬ ಮುದ್ರೆ ನೋಡಿಕೊಳ್ಳಿ. ಅದಕ್ಕೂ, ವಿಶೇಷವಾಗಿ ಅದರ ಕತ್ತರಿಸಿದ ಅಂಚುಗಳಿಗೆ, ಮೂರು ಸುತ್ತು ಎಪಾಕ್ಸಿ ಬಳಿದಿರಬೇಕು.

ಸೀಲ್ ಮಾಡಲು ಸ್ನಾನದ ಮನೆಗೆ ಬಳಸುವ, ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಬೇಡ. ಅದರಿಂದ ಹೊರಡುವ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ; ಒಮ್ಮೆ ಹಚ್ಚಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ಎಪಾಕ್ಸಿಯಾಗಲಿ ಹಿಡಿಯುವುದೂ ಇಲ್ಲ. ಬ್ಯುಟೈಲ್ ಟೇಪು (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಅಥವಾ ಪಾಲಿಯುರೆಥೇನ್ ಸೀಲಂಟ್ ಬಳಸಿ. ಮುಂದೊಂದು ದಿನ ಬಿಚ್ಚಬೇಕಾಗಬಹುದೆಂದು ಅನ್ನಿಸಿದರೆ ಬ್ಯುಟೈಲೇ ಮೇಲು, ಅದು ಕಲ್ಲಾಗುವುದಿಲ್ಲ. ತೂತಿನ ಮೇಲ್ಬಾಯಿಯನ್ನು ಸ್ವಲ್ಪ ಅಗಲವಾಗಿ ಕೊರೆದುಕೊಂಡಿದ್ದರೆ ಸೀಲಂಟ್ ಅಲ್ಲಿ ಉಂಗುರದಂತೆ ಕೂರುತ್ತದೆ. ಮೊದಲ ದಿನ ಸೀಲಂಟ್ ಅಂಚಿನಿಂದ ಉಕ್ಕುವಷ್ಟು ಮಾತ್ರ ಬಿಗಿದು ಬಿಡಿ. ಒಮ್ಮೆಗೇ ಪೂರ್ತಿ ಬಿಗಿದರೆ ಎಲ್ಲವೂ ಹೊರಗೆ ಹಿಂಡಿಹೋಗುತ್ತದೆ. ಎರಡು ಮೂರು ದಿನ ಬಿಟ್ಟು, ಮೇಲೆ ಬೋಲ್ಟಿನ ತಲೆಯನ್ನು ಒಬ್ಬರು ಅಲುಗದಂತೆ ಹಿಡಿದಿರುವಾಗ, ಕೆಳಗಿನಿಂದ ನಟ್ಟನ್ನು ಮಾತ್ರ ತಿರುಗಿಸಿ ಬಿಗಿಯಿರಿ. ಬೋಲ್ಟು ತಿರುಗಿದರೆ ಕೂತ ಸೀಲ್ ಕಿತ್ತುಹೋಗುತ್ತದೆ. ಸ್ಟೀಲಿನ ನಟ್ಟು ಸ್ಟೀಲಿನ ಬೋಲ್ಟಿಗೆ ಬಿಸಿಯಾಗಿ ಕಚ್ಚಿಕೊಳ್ಳುವುದುಂಟು; ಬೋಲ್ಟಿನ ಮರೆಗೆ (ಸುರುಳಿ ಗೆರೆಗಳಿಗೆ) ಚೂರು ಗ್ರೀಸ್ ಹಚ್ಚಿ ನಿಧಾನವಾಗಿ ತಿರುಗಿಸಿದರೆ ಆ ತೊಂದರೆ ಇಲ್ಲ.

ಸಾಮಾನು ಕಟ್ಟುವಾಗ

ನೈಲಾನ್ ಹಗ್ಗ ಒದ್ದೆಯಾದಾಗ ಹಿಗ್ಗುತ್ತದೆ, ಬೆಳಿಗ್ಗೆ ಬಿಗಿದದ್ದು ಮಧ್ಯಾಹ್ನಕ್ಕೆ ಸಡಿಲ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. 8 ಮಿಲಿಮೀಟರಿನ ಪಾಲಿಯೆಸ್ಟರ್ ಹಗ್ಗ ಕೊಳ್ಳಿ. ರಬ್ಬರ್ ಕೊಕ್ಕೆಗಳನ್ನು ನಂಬಬೇಡಿ, ಅವು ಹಾರಿ ಕಣ್ಣಿಗೆ ಬಡಿದರೆ ಗತಿಯಿಲ್ಲ. ಜಲ್ಲೆಯಂಥ ಉದ್ದ ವಸ್ತುವನ್ನು ಕನಿಷ್ಠ ಎರಡು ಕಡೆ ಅಡ್ಡಪೈಪಿಗೆ ಕಟ್ಟಿ, ಮುಂದಕ್ಕೆ ಜಾರದಂತೆ ಇನ್ನೊಂದು ಕಟ್ಟು ಕೊಡಬೇಕು. ಲೈಫ್ ಬಾಯ್ (ನೀರಿಗೆ ಬಿದ್ದವರಿಗೆ ಎಸೆಯುವ ತೇಲುವ ಬಳೆ) ಮೇಲಿಡುವುದಾದರೆ ಅದನ್ನು ಗಂಟು ಹಾಕಿ ಕಟ್ಟಬೇಡಿ. ಒಂದೇ ಎಳೆತಕ್ಕೆ ಕೈಗೆ ಬರಬೇಕು.

ಸೋಲಾರ್ ಪ್ಯಾನೆಲ್ ಕೂರಿಸುವ ಆಸೆ ಹಲವರಿಗಿದೆ. ಗಂಟೆಗೆ 60 ಕಿಲೋಮೀಟರಿನ ಗಾಳಿ ಚದರ ಮೀಟರಿಗೆ ಸುಮಾರು 17 ಕಿಲೋದಷ್ಟು ಒತ್ತಡ ಹಾಕುತ್ತದೆ. ಆದ್ದರಿಂದ ಪ್ಯಾನೆಲನ್ನು ಮಲಗಿಸಿಯೇ, ಚೌಕಟ್ಟಿನ ಅಂಚಿನೊಳಗೇ, ನಾಲ್ಕು ಮೂಲೆಗೂ ಬೋಲ್ಟು ಹಾಕಿ ಕೂರಿಸಿ, ಅದರ ತೂಕವನ್ನು 30 ಕಿಲೋದೊಳಗೆ ಲೆಕ್ಕ ಹಿಡಿಯಿರಿ. ಪ್ಯಾನೆಲಿನ ಅಲ್ಯುಮಿನಿಯಂ ಅಂಚಿಗೂ ಸ್ಟೀಲಿಗೂ ನಡುವೆ ನೈಲಾನ್ ವಾಷರ್ ಇರಲಿ.

ರಾತ್ರಿ ಸಂಚರಿಸುವವರು ಬಿಳಿ ದೀಪದ ಕಂಬವನ್ನು ಕ್ಯಾರಿಯರಿನ ಸಾಮಾನಿಗಿಂತ ಎತ್ತರಕ್ಕೆ ಏರಿಸಲೇಬೇಕು. 12 ಮೀಟರಿಗಿಂತ ಚಿಕ್ಕ ಯಾಂತ್ರಿಕ ದೋಣಿಯ ಆ ದೀಪ ಸುತ್ತ ಎಲ್ಲ ದಿಕ್ಕಿಗೂ ಕಾಣಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಸುತ್ತಿಟ್ಟ ಟರ್ಪಾಲು ಅದನ್ನು ಒಂದು ಕಡೆಯಿಂದ ಮರೆಮಾಡಿದರೂ ಎದುರಿನ ಮೀನುಗಾರನಿಗೆ ನೀವು ಕಾಣುವುದಿಲ್ಲ. ದೋಣಿ ನೋಂದಣಿಯಾಗಿದ್ದರೆ ಮಾಡಿನ ಮೇಲೆ ಹೊಸ ರಚನೆ ಬರುವ ವಿಷಯವನ್ನು ಕೇರಳ ಮ್ಯಾರಿಟೈಮ್ ಬೋರ್ಡಿನ ಹತ್ತಿರದ ಬಂದರು ಕಚೇರಿಯಲ್ಲಿ ಕೊರೆಯುವ ಮೊದಲೇ ವಿಚಾರಿಸಿಕೊಳ್ಳಿ. ತಪಾಸಣೆಯ ದಿನ ಬಿಚ್ಚಿಸಿಕೊಳ್ಳುವುದಕ್ಕಿಂತ ಅದು ಲೇಸು.

ಕ್ಯಾರಿಯರ್ ಕೂತ ಮೇಲೆ ಹಿಂದಿನ ತೂಗಾಟದ ಪರೀಕ್ಷೆಯನ್ನು ನಿಜವಾದ ಸಾಮಾನು ಹೇರಿ ಮತ್ತೊಮ್ಮೆ ಮಾಡಿ. ಬಕೆಟಿನಿಂದ ಮಾಡಿನ ಮೇಲೆ ಹತ್ತು ನಿಮಿಷ ನೀರು ಸುರಿಯುತ್ತ, ಒಳಗೆ ಪ್ರತಿ ಆಸರೆ ಹಲಗೆಯ ಸುತ್ತ ಬಳಿದ ಸೀಮೆಸುಣ್ಣದ ಪುಡಿ ಒದ್ದೆಯಾಗುತ್ತದೆಯೇ ಎಂದು ಟಾರ್ಚು ಹಿಡಿದು ನೋಡಿ. ಒಂದು ತಿಂಗಳ ಬಳಿಕ ನಟ್ಟುಗಳನ್ನು ಒಮ್ಮೆ ಬಿಗಿಪರೀಕ್ಷೆ ಮಾಡಿ. ಉಪ್ಪುನೀರಿನಲ್ಲಿ ಹೋಗಿಬಂದ ದಿನ ಚೌಕಟ್ಟಿನ ಮೇಲೆ ಎರಡು ಬಕೆಟ್ ಸಿಹಿನೀರು ಸುರಿಯಿರಿ. ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಕಾಲುಗಳ ಸುತ್ತ ಮಾಡನ್ನು ಮತ್ತೆ ತಟ್ಟಿ ಸದ್ದು ಕೇಳಿ. ಎಲ್ಲಾದರೂ ಮಂಕಾಗಿದ್ದರೆ ಆ ಕಾಲಿನ ಎರಡು ಬೋಲ್ಟುಗಳನ್ನು ಬಿಚ್ಚಿ, ಒಣಗಿಸಿ, ಹೊಸ ಬ್ಯುಟೈಲ್ ಇಟ್ಟು ಕೂರಿಸಲು ಒಂದು ಮಧ್ಯಾಹ್ನ ಸಾಕು.